ಗ್ಯಾರೇಜಿನ ಕೀಲಿಕೈ ಯಾರ ಹತ್ತಿರ ಇದೆ?

ಒಂದು ರಾತ್ರಿ ಆಫೀಸಿನ ರಿಲೀಸ್ ಮುಗಿಯೋದನ್ನ ಕಾಯ್ತಾ ಕೂತಿದ್ದಾಗ ‘ಬಾಕುನಾವಾ’ ಅನ್ನೋ ಹಾಡು ಕೇಳಿದೆ. 2025ರಲ್ಲಿ ಟೈನಿ ಡೆಸ್ಕ್ ಕಾಂಟೆಸ್ಟ್ ಗೆದ್ದ ಹಾಡು ಅದು. ಟೈನಿ ಡೆಸ್ಕ್ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇರುತ್ತೆ. ಅಮೆರಿಕದ ಎನ್‌ಪಿಆರ್ ರೇಡಿಯೋದವರು ತಮ್ಮ ಆಫೀಸಿನಲ್ಲೇ, ಪುಸ್ತಕದ ಕಪಾಟುಗಳ ಮುಂದೆ ಒಂದು ಮೇಜಿನ ಹಿಂದೆ ಕಲಾವಿದರನ್ನ ನಿಲ್ಲಿಸಿ ಹಾಡಿಸ್ತಾರೆ. ವರ್ಷಕ್ಕೊಮ್ಮೆ ದೊಡ್ಡ ಕಂಪನಿಗಳ ಬೆಂಬಲ ಇಲ್ಲದವರಿಗಾಗಿ ಒಂದು ಸ್ಪರ್ಧೆಯನ್ನೂ ಇಡ್ತಾರೆ. ಸಾವಿರಾರು ವಿಡಿಯೋ ಬರ್ತವೆ, ಗೆಲ್ಲೋದು ಒಂದು. ಆ ವರ್ಷ ಗೆದ್ದಿದ್ದು ಕ್ಯಾಲಿಫೋರ್ನಿಯಾದ ಬೇ ಏರಿಯಾದ ರ‍್ಯಾಪರ್ ರೂಬಿ ಇಬಾರಾ. ಹುಟ್ಟಿದ್ದು ಫಿಲಿಪೀನ್ಸಿನ ಟಾಕ್ಲೋಬಾನ್‌ನಲ್ಲಿ, ಬೆಳೆದಿದ್ದು ಅಮೆರಿಕದಲ್ಲಿ.

ಹಾಡು ಚೆನ್ನಾಗಿದೆ. ಆದರೆ ಹಾಡಿಗಿಂತ ಹೆಚ್ಚು ನನ್ನನ್ನ ಹಿಡಿದು ಕೂರಿಸಿದ್ದು ಅದರ ಕೆಳಗಿದ್ದ ಹೆಸರುಗಳು. ರೂಬಿಯ ಜೊತೆ ಇರೋರಲ್ಲಿ ಒಬ್ಬರು ಗಾಯಕಿ ಒವೀಡಾ. ಇನ್ನೊಬ್ಬರು ಕೆನಡಾದ ಟೊರಾಂಟೊದಲ್ಲಿ ಆಸ್ಪತ್ರೆಯ ನರ್ಸ್ ಆಗಿ ದುಡೀತಾ, ಟಗಾಲೋಗ್ ಮತ್ತು ಸೆಬುವಾನೊ ಭಾಷೆಗಳಲ್ಲಿ ರ‍್ಯಾಪ್ ಮಾಡೋ ಹಾನ್ ಹಾನ್. ಮತ್ತೊಬ್ಬರು 1948ರಲ್ಲಿ ಮನಿಲಾದಲ್ಲಿ ಹುಟ್ಟಿದ ಗಿಟಾರ್ ವಾದಕಿ ಜೂನ್ ಮಿಲ್ಲಿಂಗ್ಟನ್. ರೂಬಿಗೂ ಜೂನ್‌ಗೂ ನಡುವೆ ಹತ್ತಿರ ಹತ್ತಿರ ನಲವತ್ತು ವರ್ಷದ ಅಂತರ. ಒಬ್ಬರದ್ದು ರಾಕ್, ಇಬ್ಬರದ್ದು ರ‍್ಯಾಪ್. ಊರು ಬೇರೆ, ದೇಶ ಬೇರೆ. ಇವರೆಲ್ಲ ಒಂದೇ ಹಾಡಿನೊಳಗೆ ಬಂದು ಕೂತಿದ್ದು ಹೇಗೆ?

ನನ್ನ ಟೀಮಿನಲ್ಲಿ ಒಬ್ಬ ಹುಡುಗ ಇದ್ದಾನೆ, ಕನ್ನಡದಲ್ಲಿ ರ‍್ಯಾಪ್ ಬರೀತಾನೆ. ಎರಡು ಮೂರು ತಿಂಗಳಿಗೊಮ್ಮೆ ಯಾವುದಾದ್ರೂ ಕೆಫೆಯಲ್ಲಿ ಅವನ ಶೋ ಇರುತ್ತೆ. ಅವನು ಗ್ರೂಪಿನಲ್ಲಿ ಪೋಸ್ಟರ್ ಹಾಕ್ತಾನೆ, ನಾವು ಹದಿನೆಂಟು ಜನ ಬೆಂಕಿ ಇಮೋಜಿ ಹಾಕ್ತೀವಿ. ಹಿಂದಿನ ಸಲ ನಾನು ಒಂದು ಹೆಜ್ಜೆ ಮುಂದೆ ಹೋಗಿ, “ಮಗಾ, ಗೆಸ್ಟ್ ಲಿಸ್ಟಲ್ಲಿ ನನ್ ಹೆಸ್ರು ಹಾಕ್ಸ್ತೀಯಾ?” ಅಂತ ಮೆಸೇಜ್ ಮಾಡಿದ್ದೆ. ಟಿಕೆಟ್ ಇದ್ದಿದ್ದು ಮುನ್ನೂರು ರೂಪಾಯಿ. ಆ ರಾತ್ರಿ ‘ಬಾಕುನಾವಾ’ ಕೇಳ್ತಾ ಕೇಳ್ತಾ ಯಾಕೋ ಆ ಮೆಸೇಜೇ ನೆನಪಾಗಿ ಒಂಥರಾ ಆಯ್ತು.

ವಲಸೆ ಹೋದ ಫಿಲಿಪಿನೋ ಸಂಗೀತಗಾರರ ಬಗ್ಗೆ ಆಮೇಲೆ ಒಂದಷ್ಟು ಓದಿದೆ, ಒಂದಷ್ಟು ಕೇಳಿದೆ. ಅದರಿಂದ ನನಗೆ ಅನ್ನಿಸಿದ್ದನ್ನ ಇಲ್ಲಿ ಬರೀತಿದೀನಿ. ‘ಸೀನ್’ ಅನ್ನೋ ಪದವನ್ನ ಹಾಗೇ ಬಳಸ್ತೀನಿ. ಬೆಂಗಳೂರಿನಲ್ಲಿ ನಾವು ಆ ಪದವನ್ನ ‘ಸೀನ್ ಇಲ್ಲ ಗುರು’ ಅನ್ನೋಕೆ ಮಾತ್ರ ಬಳಸೋದು. ಇಲ್ಲಿ ಅದರ ಅರ್ಥ ಒಂದು ಊರಿನಲ್ಲಿ ಒಬ್ಬರನ್ನೊಬ್ಬರು ಬಲ್ಲ ಹಾಡುಗಾರರು, ಕೇಳುಗರು, ಜಾಗ ಕೊಡೋರು, ಕಾಸು ಕೊಡೋರು ಎಲ್ಲರ ಒಟ್ಟು ಜಾಲ.

ಮೊದಲು ಒಂದು ತಪ್ಪು ದಾರಿಯನ್ನ ಬದಿಗಿಡೋಣ. ಫಿಲಿಪಿನೋ ಸಂಗೀತದ ಬಗ್ಗೆ ಮಾತು ಶುರುವಾದ್ರೆ ಸಾಕು, ಒಂದು ಪಟ್ಟಿ ಬರುತ್ತೆ. ಬ್ರೂನೋ ಮಾರ್ಸ್ ತಾಯಿ ಫಿಲಿಪಿನೋ. ಹರ್ ಅನ್ನೋ ಹೆಸರಿನಲ್ಲಿ ಹಾಡೋ ಗೇಬಿ ವಿಲ್ಸನ್ ತಾಯಿ ಫಿಲಿಪಿನೋ. ಒಲಿವಿಯಾ ರೊಡ್ರಿಗೊ ತಂದೆಯ ಕಡೆಯಿಂದ ಫಿಲಿಪಿನೋ. ಬ್ಲ್ಯಾಕ್ ಐಡ್ ಪೀಸ್ ತಂಡದ ಆಪಲ್ ಡಿ ಆಪ್ ಹುಟ್ಟಿದ್ದೇ ಅಲ್ಲಿ. ಇದಕ್ಕೆ ಅವರು ‘ಪಿನೋಯ್ ಪ್ರೈಡ್’ ಅಂತಾರೆ. ನಮಗೆ ಇದು ಹೊಸದೇನಲ್ಲ. ಯಾವನೋ ಒಬ್ಬ ದೊಡ್ಡ ಕಂಪನಿಯ ಸಿಇಒ ಆದ ಕೂಡ್ಲೆ ಅವನ ಅಜ್ಜಿ ಊರು ಹುಡುಕಿ ‘ನಮ್ಮೋನು’ ಅನ್ನೋ ಜನ ನಾವು. ಹೆಮ್ಮೆ ಪಡೋದು ತಪ್ಪಲ್ಲ. ಆದರೆ ಗೆದ್ದ ಮೇಲೆ ನಮ್ಮೋನು ಅನ್ನೋದಕ್ಕೂ, ಗೆಲ್ಲೋ ಮುಂಚೆ ಅವನಿಗೆ ಮೈಕು ಕೊಡೋದಕ್ಕೂ ಅಜಗಜಾಂತರ. ಈ ಪಟ್ಟಿಯಲ್ಲಿರೋರನ್ನ ಬೆಳೆಸಿದ್ದು ಹೆಮ್ಮೆ ಪಡ್ತಿರೋ ಜನ ಅಲ್ಲ. ಪಟ್ಟಿ ಎಷ್ಟು ಉದ್ದ ಆದರೂ ಅದು ಸೀನ್ ಆಗಲ್ಲ.

ಇನ್ನೊಂದು ಮಾತು ಇದೆ, ಅದು ಹೊಗಳಿಕೆಯ ವೇಷದಲ್ಲಿರೋ ಬೈಗುಳ: ‘ಫಿಲಿಪಿನೋಗಳು ಯಾರ ಹಾಡನ್ನಾದ್ರೂ ಹಾಗೇ ಇಳಿಸಿಬಿಡ್ತಾರೆ.’ ಏಷ್ಯಾದ ಹೋಟೆಲ್ ಲಾಬಿಗಳಲ್ಲಿ, ಕ್ರೂಸ್ ಹಡಗುಗಳಲ್ಲಿ ಫಿಲಿಪಿನೋ ಬ್ಯಾಂಡ್ ಇರೋದು ಮಾಮೂಲು. ಅಮೆರಿಕದ ಜರ್ನಿ ಬ್ಯಾಂಡಿನವರು ಹೊಸ ಗಾಯಕನನ್ನ ಹುಡುಕ್ತಾ ಯೂಟ್ಯೂಬಿನಲ್ಲಿ ಮನಿಲಾದ ಆರ್ನೆಲ್ ಪಿನೇಡಾ ಅವರನ್ನ ಕಂಡು 2007ರಲ್ಲಿ ತಂಡಕ್ಕೆ ಸೇರಿಸ್ಕೊಂಡಾಗ ಈ ಮಾತಿಗೆ ಮೊಹರು ಬಿತ್ತು. 1898ರಿಂದ 1946ರವರೆಗೆ ಅಮೆರಿಕ ಆಳಿದ ದೇಶ ಅದು. ಶಾಲೆ ಇಂಗ್ಲಿಷಿನಲ್ಲಿ, ರೇಡಿಯೋ ಅಮೆರಿಕದ್ದು. ಆಳಿದವರ ಹಾಡನ್ನ ಆಳಿಸಿಕೊಂಡವರು ಚೆನ್ನಾಗಿ ಹಾಡಿದರೆ ಅದನ್ನ ಅನುಕರಣೆ ಅಂತ ಮುಗಿಸಿಬಿಡೋದು ಸುಲಭ. ಕ್ರಿಸ್ಟೀನ್ ಬಕರೇಜಾ ಬ್ಯಾಲೆನ್ಸ್ ಅವರ ‘ಟ್ರಾಪಿಕಲ್ ರೆಂಡಿಶನ್ಸ್’ ಅನ್ನೋ 2016ರ ಪುಸ್ತಕ ಈ ಸುಲಭದ ತೀರ್ಪಿನ ಜೊತೆಗೇ ಜಗಳ ಆಡುತ್ತೆ. ಹೇಳಿದ ಹಾಗೆ ಕೇಳದೇ, ತುಸು ಅವಿಧೇಯರಾಗಿ ಕೇಳಿ ಅನ್ನೋದು ಅವರ ವಾದ. ನಾನು ಅದಕ್ಕೆ ಇನ್ನೊಂದನ್ನ ಸೇರಿಸ್ತೀನಿ. ಯಾರು ಹಾಡ್ತಿದಾರೆ ಅನ್ನೋದರ ಜೊತೆಗೆ, ಅವರಿಗೆ ಸ್ಪೀಕರ್ ಕೊಟ್ಟಿದ್ದು ಯಾರು ಅಂತಲೂ ನೋಡಬೇಕು.

ಆ ಪ್ರಶ್ನೆಗೆ ಒಳ್ಳೆ ಉತ್ತರ ಸಿಗೋ ಊರು ಡೇಲಿ ಸಿಟಿ. ಸ್ಯಾನ್ ಫ್ರಾನ್ಸಿಸ್ಕೋಗೆ ಅಂಟಿಕೊಂಡಂತೆ ದಕ್ಷಿಣಕ್ಕಿರೋ, ಸದಾ ಮಂಜು ಕವಿಯೋ ಊರು. ಆರು ತಿಂಗಳು ಆನ್‌ಸೈಟ್ ಹೋಗಿದ್ದಾಗ ಶನಿವಾರ ರೈಲಿನಲ್ಲಿ ಆ ಸ್ಟೇಷನ್ ದಾಟ್ತಿದ್ದೆ, ಒಂದು ದಿನವೂ ಇಳೀಲಿಲ್ಲ. ಗುಡ್ಡದ ಮೇಲೆ ಸಾಲಾಗಿ ಒಂದೇ ಥರದ ಮನೆಗಳು. ಮಾಲ್ವಿನಾ ರೆನಾಲ್ಡ್ಸ್ 1962ರಲ್ಲಿ ‘ಲಿಟ್ಲ್ ಬಾಕ್ಸಸ್’ ಅನ್ನೋ ವ್ಯಂಗ್ಯದ ಹಾಡು ಕಟ್ಟಿದ್ದು ಇವನ್ನ ನೋಡಿಯೇ. ಒಂದೇ ಅಚ್ಚಿನ ಡಬ್ಬಿಗಳು, ಒಂದೇ ಅಚ್ಚಿನ ಜನ ಅನ್ನೋ ಗೇಲಿ. ಆ ಹಾಡಿನ ಗೇಲಿಗೆ ಕಾಣದೇ ಹೋಗಿದ್ದು ಒಂದಿದೆ. ಈ ಮನೆಗಳಲ್ಲಿ ಕೆಳಗೆ ಗ್ಯಾರೇಜು, ಮೇಲೆ ವಾಸ. ಅಂದ್ರೆ ಪ್ರತಿ ಮನೆಯಲ್ಲೂ ನೆಲಮಟ್ಟದಲ್ಲಿ ಒಂದು ಖಾಲಿ ಕೋಣೆ.

1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿತು. ದೇಶಕ್ಕಿಷ್ಟು ಅಂತಿದ್ದ ಹಳೇ ಕೋಟಾ ಹೋಯ್ತು, ಓದಿದವರಿಗೆ ಮತ್ತು ಅವರ ಕುಟುಂಬದವರಿಗೆ ಬಾಗಿಲು ತೆರೀತು. ನಮ್ಮ ದೊಡ್ಡಪ್ಪ, ಚಿಕ್ಕಪ್ಪಂದಿರ ತಲೆಮಾರು ಅಮೆರಿಕಕ್ಕೆ ಹೋಗಿದ್ದು ಇದೇ ಬಾಗಿಲಿನಿಂದ. ಫಿಲಿಪೀನ್ಸಿನಿಂದ ನರ್ಸುಗಳು, ಎಂಜಿನಿಯರುಗಳು, ಅಕೌಂಟೆಂಟುಗಳು ಬಂದರು. ಡೇಲಿ ಸಿಟಿಯಲ್ಲಿ ಈಗ ಸುಮಾರು ಮೂರರಲ್ಲೊಂದು ಪಾಲು ಜನ ಫಿಲಿಪಿನೋಗಳು. ಅವರ ಮಕ್ಕಳು ಹೈಸ್ಕೂಲಿಗೆ ಬಂದ 70ರ ದಶಕದ ಕೊನೆಯಲ್ಲಿ ಒಂದು ಹೊಸ ಗೀಳು ಶುರುವಾಯ್ತು, ಅದೇ ಮೊಬೈಲ್ ಡಿಜೆ ಕ್ರೂ. ಐದಾರು ಹುಡುಗರು ಸೇರಿ ಟರ್ನ್‌ಟೇಬಲ್, ಆಂಪ್ಲಿಫೈಯರ್, ಸ್ಪೀಕರ್, ಬಣ್ಣದ ಲೈಟು ಹೊಂದಿಸಿಕೊಂಡು, ವ್ಯಾನಿನಲ್ಲಿ ಹೇರಿಕೊಂಡು, ಕರೆದಲ್ಲಿಗೆ ಹೋಗಿ ಹಾಡು ಹಾಕೋದು. ಆಲಿವರ್ ವಾಂಗ್ ಅವರ ‘ಲೀಜನ್ಸ್ ಆಫ್ ಬೂಮ್’ ಅನ್ನೋ 2015ರ ಪುಸ್ತಕದಲ್ಲಿ ಇದರ ಪೂರ್ತಿ ಕಥೆ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಬಲ್ಬೋವಾ ಹೈಸ್ಕೂಲಿನ ಹುಡುಗರ ಸೌಂಡ್ ಎಕ್ಸ್‌ಪ್ಲೋಷನ್ ಅನ್ನೋ ತಂಡದಿಂದ ಶುರುವಾಗಿ, ಡೇಲಿ ಸಿಟಿ, ಯೂನಿಯನ್ ಸಿಟಿ, ವಲ್ಲೇಹೋವರೆಗೂ ಇಂಥ ಕ್ರೂಗಳು ಹಬ್ಬಿದವು.

ಹಳ್ಳಿಯಲ್ಲಿ ಬೆಳೆದೋರಿಗೆ ಇದನ್ನ ವಿವರಿಸಬೇಕಾಗಿಲ್ಲ, ಇದು ನಮ್ಮೂರ ಮೈಕ್‌ಸೆಟ್ಟು. ಗಣೇಶನ ಹಬ್ಬಕ್ಕೆ, ಮದುವೆಗೆ, ನಾಟಕಕ್ಕೆ ಗೂಡ್ಸ್ ಆಟೋದಲ್ಲಿ ಬಾಕ್ಸು ತಂದು ಇಳಿಸ್ತಿದ್ದ ಹುಡುಗ ಊರಿನ ಕಿವಿಗೆ ಅವತ್ತಿನ ಮಟ್ಟಿಗೆ ಒಡೆಯ. ಯಾವ ಹಾಡು, ಯಾವಾಗ, ಎಷ್ಟು ಜೋರು ಅಂತ ಅವನೇ ತೀರ್ಮಾನ ಮಾಡ್ತಿದ್ದ. ಆದರೂ ನಮ್ಮ ಮೈಕ್‌ಸೆಟ್ಟಿನ ಹುಡುಗ ಮೈಕ್‌ಸೆಟ್ಟಿನವನಾಗೇ ಉಳಿದ. ಡೇಲಿ ಸಿಟಿಯ ಹುಡುಗರಲ್ಲಿ ಕೆಲವರು ಮುಂದೆ ಒಂದು ಹೊಸ ವಾದ್ಯವನ್ನೇ ಪ್ರಪಂಚಕ್ಕೆ ಕೊಟ್ಟರು. ಈ ವ್ಯತ್ಯಾಸ ಎಲ್ಲಿಂದ ಬಂತು?

ಒಂದನೇ ಕಾರಣ ಮನೆಯವರು. ಫಿಲಿಪಿನೋ ಮನೆಗಳಲ್ಲಿ ಹುಡುಗಿಗೆ ಹದಿನೆಂಟು ತುಂಬಿದರೆ ‘ಡೆಬ್ಯೂ’ ಅಂತ ದೊಡ್ಡ ಸಮಾರಂಭ. ಹದಿನೆಂಟು ಗುಲಾಬಿ, ಹದಿನೆಂಟು ಮೇಣದ ಬತ್ತಿ, ಕುಣಿತ, ಊಟ. ಅದರ ಮೇಲೆ ಮದುವೆ, ನಾಮಕರಣ, ಚರ್ಚಿನ ಹಾಲಿನ ಕಾರ್ಯಕ್ರಮ, ಶಾಲೆಯ ಡ್ಯಾನ್ಸು. ಇಷ್ಟಕ್ಕೂ ಹಾಡು ಹಾಕೋರು ಬೇಕು. ಟೀಟಾ, ಟೀಟೋಗಳು, ಅಂದ್ರೆ ಅತ್ತೆ ಮಾವ ಚಿಕ್ಕಮ್ಮ ಚಿಕ್ಕಪ್ಪ ಎಲ್ಲರೂ, ಹೊರಗಿನವರನ್ನ ಕರೆಯೋ ಬದಲು ಪಕ್ಕದ ಮನೆ ಹುಡುಗನನ್ನ ಕರೆದ್ರು, ದುಡ್ಡನ್ನೂ ಕೊಟ್ರು. ಅಪ್ಪಂದಿರು ಸ್ಪೀಕರಿಗೆ ಸಾಲ ಕೊಟ್ರು. ಅಮ್ಮಂದಿರು ಕಾರು ಹೊರಗೆ ನಿಲ್ಲಿಸಿ ಗ್ಯಾರೇಜಿನ ಕೀಲಿಕೈ ಕೊಟ್ರು. ಇದು ಚಪ್ಪಾಳೆಗಿಂತ ದೊಡ್ಡದು. ಮಗ ಡಾಕ್ಟರಾಗಲಿ ಅಂತ ಬಯಸೋ ಅಪ್ಪನೇ ಮಗನ ಆಂಪ್ಲಿಫೈಯರಿಗೆ ಕಂತು ಕಟ್ಟಿದ್ದು. ಆ ಅಪ್ಪಂದಿರಿಗೆ ಸ್ಕ್ರ್ಯಾಚಿಂಗ್ ಅಂದ್ರೆ ಏನಂತ ಗೊತ್ತಿದ್ದಿರಲಿಕ್ಕಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಎರಡನೇ ಕಾರಣ ಸ್ಪರ್ಧೆ. ಕ್ರೂಗಳು ಒಂದರ ಮೇಲೊಂದು ಬಿದ್ದು ಪೈಪೋಟಿ ಮಾಡ್ತಿದ್ದವು. ದೊಡ್ಡ ಹಾಲಿನಲ್ಲಿ ಹಲವು ಕ್ರೂಗಳು ಎದುರುಬದುರು ಸ್ಪೀಕರ್ ಪೇರಿಸಿ ನಿಲ್ಲೋವು. ಯಾರ ಮಿಕ್ಸಿಂಗ್ ನಯ, ಯಾರ ಲೈಟು ಜೋರು, ಯಾರಿಗೆ ಜನ ಕುಣಿದ್ರು ಅನ್ನೋ ಲೆಕ್ಕ ಅಲ್ಲೇ ಆಗ್ತಿತ್ತು. ನಮ್ಮೂರಿನ ಮೈಕ್‌ಸೆಟ್ಟಿನವನಿಗೆ ಎದುರಾಳಿ ಇರಲಿಲ್ಲ, ಹಾಗಾಗಿ ಅವನಿಗೆ ಕಿವಿಗೊಟ್ಟು ಕೇಳೋ ಇನ್ನೊಬ್ಬ ಮೈಕ್‌ಸೆಟ್ಟಿನವನೂ ಇರಲಿಲ್ಲ. ‘ಸಪೋರ್ಟಿವ್’ ಅನ್ನೋ ಪದ ನಮ್ಮ ಕಾಲದಲ್ಲಿ ಬೆನ್ನು ತಟ್ಟೋದು ಅನ್ನೋ ಅರ್ಥಕ್ಕೆ ಇಳಿದಿದೆ. ನಿನ್ನಷ್ಟೇ ಕಷ್ಟಪಟ್ಟು ಅಭ್ಯಾಸ ಮಾಡಿರೋ ಒಬ್ಬ, ನಿನ್ನ ಎದುರು ನಿಂತು, ನಿನ್ನ ತಪ್ಪನ್ನ ಗುರುತು ಹಿಡಿಯೋದು ಕೂಡ ಬೆಂಬಲವೇ. ಕೋಡ್ ರಿವ್ಯೂ ಮಾಡಿಸ್ಕೊಂಡೋರಿಗೆ ಇದು ಗೊತ್ತು. ಓದದೇ ‘ಲುಕ್ಸ್ ಗುಡ್’ ಅಂತ ಒತ್ತೋ ಗೆಳೆಯನಿಗಿಂತ ನಲವತ್ತು ಕಾಮೆಂಟ್ ಹಾಕೋ ಕಿರಿಕಿರಿಯವನಿಂದಲೇ ನಾವು ಕೆಲಸ ಕಲಿತಿರ್ತೀವಿ.

ಈ ಗರಡಿಯಿಂದ ಬಂದವರೇ ಡಿಜೆ ಕ್ಯೂಬರ್ಟ್, ಮಿಕ್ಸ್ ಮಾಸ್ಟರ್ ಮೈಕ್, ಡಿಜೆ ಅಪೋಲೊ. 1992ರಲ್ಲಿ ಈ ಮೂವರೂ ಸೇರಿ ಡಿಎಂಸಿ ವಿಶ್ವ ಡಿಜೆ ಚಾಂಪಿಯನ್‌ಶಿಪ್ ಗೆದ್ದರು. 1993 ಮತ್ತು 1994ರಲ್ಲಿ ಕ್ಯೂಬರ್ಟ್ ಮತ್ತು ಮೈಕ್ ಮತ್ತೆ ಗೆದ್ದರು. ಇನ್‌ವಿಸಿಬಲ್ ಸ್ಕ್ರ್ಯಾಚ್ ಪಿಕಲ್ಸ್ ಅನ್ನೋ ಹೆಸರಿನಲ್ಲಿ ಇವರು ಮಾಡಿದ್ದನ್ನ ಇವತ್ತು ಕೇಳಿದರೂ ತಾಜಾ ಅನ್ಸುತ್ತೆ. ಒಬ್ಬ ಟರ್ನ್‌ಟೇಬಲಿನಿಂದ ಡ್ರಮ್ ತೆಗೀತಾನೆ, ಇನ್ನೊಬ್ಬ ಬೇಸ್, ಮತ್ತೊಬ್ಬ ಅದರ ಮೇಲೆ ಮಾತನ್ನ ಸೀಳಿ ಸೀಳಿ ರಾಗದ ಹಾಗೆ ಆಡಿಸ್ತಾನೆ. ಬೇರೆಯವರ ರೆಕಾರ್ಡು ಹಾಕೋ ಯಂತ್ರ ಒಂದು ಬ್ಯಾಂಡೇ ಆಗಿಬಿಡುತ್ತೆ. ದಕ್ಷಿಣ ಕ್ಯಾಲಿಫೋರ್ನಿಯಾದ ಬೀಟ್ ಜಂಕೀಸ್ ತಂಡದ ಡಿಜೆ ಬಾಬು, ಇವರೂ ಫಿಲಿಪಿನೋ, 1995ರ ಹೊತ್ತಿಗೆ ಇಂಥವರಿಗೆ ‘ಟರ್ನ್‌ಟೇಬಲಿಸ್ಟ್’ ಅನ್ನೋ ಹೆಸರನ್ನೇ ಚಾಲ್ತಿಗೆ ತಂದರು. ಅನುಕರಣೆಯ ಜನ ಅನ್ನಿಸ್ಕೊಂಡೋರು ಇನ್ನೊಬ್ಬರ ದನಿಯನ್ನೇ ಕಚ್ಚಾವಸ್ತು ಮಾಡ್ಕೊಂಡು ಸ್ವಂತದ್ದನ್ನ ಕಟ್ಟಿದ ಈ ಕಥೆ ನನಗೆ ಪಿನೇಡಾ ಕಥೆಗಿಂತ ದೊಡ್ಡದು.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಹೊಗಳಿಕೆ ಆಗುತ್ತೆ. ಈ ಗ್ಯಾರೇಜಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕ್ರೂಗಳು ಬಹುಪಾಲು ಗಂಡು ಹುಡುಗರದ್ದೇ. ಡೆಬ್ಯೂ ಹುಡುಗಿಯದ್ದು, ಕುಣಿಯೋರು ಹುಡುಗಿಯರು, ಆದರೆ ಟರ್ನ್‌ಟೇಬಲಿನ ಹಿಂದೆ ನಿಲ್ಲೋನು ಹುಡುಗ. ರಾತ್ರಿ ಎರಡು ಗಂಟೆಗೆ ವ್ಯಾನಿಗೆ ಸ್ಪೀಕರ್ ಹೇರೋಕೆ ಮಗನನ್ನ ಕಳಿಸೋ ಮನೆ ಮಗಳನ್ನ ಕಳಿಸ್ತಿತ್ತಾ? ನಮ್ಮ ಮನೆಯಲ್ಲಿ ಏನು ಉತ್ತರ ಇರ್ತಿತ್ತೋ ಅದೇ ಉತ್ತರ. ಇನ್ನೊಂದು ಋಣವೂ ಇದೆ. ಸ್ಕ್ರ್ಯಾಚಿಂಗ್ ಆಗಲಿ, ರ‍್ಯಾಪ್ ಆಗಲಿ, ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಕಪ್ಪು ಜನ, ಪೋರ್ಟೊರಿಕೋದವರು ಕಟ್ಟಿದ ಕಲೆ. ಪಿನೋಯ್ ಪ್ರೈಡ್‌ನ ಭರದಲ್ಲಿ ಆ ಸಾಲ ಮರೆತರೆ ಅದೂ ಒಂದು ಕಳ್ಳತನವೇ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಜೂನ್ ಮಿಲ್ಲಿಂಗ್ಟನ್ ಕಥೆ ಹೇಳಲೇಬೇಕು. 1961ರಲ್ಲಿ ಮನಿಲಾದಿಂದ ಕ್ಯಾಲಿಫೋರ್ನಿಯಾಗೆ ಬಂದ ಜೂನ್ ಮತ್ತು ತಂಗಿ ಜೀನ್ ಹೈಸ್ಕೂಲಿನಿಂದಲೇ ಬ್ಯಾಂಡ್ ಕಟ್ಟಿದವರು. ಅವರ ಫ್ಯಾನಿ ಅನ್ನೋ ತಂಡ 1970ರಲ್ಲಿ ರಿಪ್ರೈಸ್ ಕಂಪನಿಯಿಂದ ಮೊದಲ ಆಲ್ಬಮ್ ತಂತು. ಎಲ್ಲ ವಾದ್ಯವನ್ನೂ ಹೆಂಗಸರೇ ನುಡಿಸೋ ರಾಕ್ ತಂಡ ಒಂದು ದೊಡ್ಡ ಕಂಪನಿಯಿಂದ ಪೂರ್ತಿ ಆಲ್ಬಮ್ ತರೋದು ಆಗ ಕಂಡರಿಯದ ಸಂಗತಿ. ಡೇವಿಡ್ ಬೋವಿಯಂಥವರು ಆಮೇಲೆ ಇವರನ್ನ ಕೊಂಡಾಡಿದರೂ ದಶಕಗಳ ಕಾಲ ಜನ ಮರೆತೇಬಿಟ್ಟಿದ್ದರು. ‘ನಮ್ಮವರು’ ಅನ್ನೋ ಪಟ್ಟಿಯಲ್ಲಿ ಇವರ ಹೆಸರು ಬರೋಕೆ ಅರ್ಧ ಶತಮಾನ ಬೇಕಾಯ್ತು.

ಜೂನ್ ಸುಮ್ಮನೆ ಕೂರಲಿಲ್ಲ. 80ರ ದಶಕದ ಉತ್ತರಾರ್ಧದಲ್ಲಿ ಸಂಗಾತಿ ಆನ್ ಹ್ಯಾಕ್ಲರ್ ಜೊತೆ ಇನ್‌ಸ್ಟಿಟ್ಯೂಟ್ ಫಾರ್ ದಿ ಮ್ಯೂಸಿಕಲ್ ಆರ್ಟ್ಸ್ ಅನ್ನೋ ಸಂಸ್ಥೆ ಕಟ್ಟಿದರು. ಈಗ ಅದು ಮ್ಯಾಸಚೂಸೆಟ್ಸಿನ ಗೋಶೆನ್ ಅನ್ನೋ ಸಣ್ಣ ಊರಿನಲ್ಲಿದೆ. ಅಲ್ಲಿ ಹುಡುಗಿಯರಿಗೆ ರಾಕ್ ಕ್ಯಾಂಪು ನಡೀತವೆ, ರೆಕಾರ್ಡಿಂಗ್ ಸ್ಟುಡಿಯೋ ಇದೆ. ತನಗೆ ಸಿಗದೇ ಇದ್ದ ಗ್ಯಾರೇಜನ್ನ ಆಕೆ ತಾನೇ ಕಟ್ಟಿ ಕೀಲಿಕೈಯನ್ನ ಚಿಕ್ಕ ಹುಡುಗಿಯರ ಕೈಗೆ ಕೊಟ್ಟರು ಅಂತ ನಾನು ಓದ್ಕೋತೀನಿ. ‘ಬಾಕುನಾವಾ’ ಹಾಡಿನಲ್ಲಿ ಅವರ ಹೆಸರು ಕಂಡಾಗ ಆದ ಖುಷಿಗೆ ಇದೇ ಕಾರಣ. ಒಬ್ಬ ಹಿರಿಯಳನ್ನ ಸನ್ಮಾನ ಮಾಡಿ ಶಾಲು ಹೊದಿಸಿ ಕೂರಿಸೋ ಬದಲು, ಬನ್ನಿ ನಮ್ಮ ಜೊತೆ ಹಾಡಿನಲ್ಲಿ ಕೆಲಸ ಮಾಡಿ ಅಂತ ಕರೆದಿದ್ದಾರೆ.

ರ‍್ಯಾಪಿನ ಕಡೆಗೆ ಬರೋಣ. ಸಿಯಾಟಲ್‌ನಲ್ಲಿ ಬ್ಲೂ ಸ್ಕಾಲರ್ಸ್ ಅನ್ನೋ ಜೋಡಿ ಇತ್ತು. ಹಾಡೋ ಜಿಯೋ ಫಿಲಿಪಿನೋ, ಬೀಟ್ ಕಟ್ಟೋ ಸಾಬ್ಜಿ ಇರಾನಿ ಮೂಲದವನು. 2007ರ ಅವರ ಆಲ್ಬಮ್ಮಿನ ಹೆಸರು ‘ಬಯಾನಿ’, ಅಂದ್ರೆ ವೀರ. ಬಾಂಬು ಲಾಸ್ ಏಂಜಲಿಸ್ ಮೂಲದವನು. ಬೀಟ್‌ರಾಕ್ ಮ್ಯೂಸಿಕ್ ಅನ್ನೋ ಸಣ್ಣ ಸ್ವತಂತ್ರ ಕಂಪನಿ ಬಾಂಬು, ರಾಕಿ ರಿವೆರಾ, ಕ್ಲಾಸಿ, ರೂಬಿ ಎಲ್ಲರ ಹಾಡುಗಳನ್ನೂ ತಂದಿದೆ. 2017ರಲ್ಲಿ ಬಂದ ರೂಬಿಯ ‘ಸರ್ಕಾ91’ ಇದೇ ಕಂಪನಿಯದ್ದು. ಅದರ ಹೆಸರಿನಲ್ಲಿರೋದು ಅವಳ ಕುಟುಂಬ ಅಮೆರಿಕಕ್ಕೆ ಬಂದ ವರ್ಷ. ಅದರಲ್ಲಿನ ‘ಅಸ್’ ಅನ್ನೋ ಹಾಡಿಗೆ ರಾಕಿ ರಿವೆರಾ, ಕ್ಲಾಸಿ, ಕವಯಿತ್ರಿ ಫೇತ್ ಸಾಂಟಿಲ್ಲಾ ಜೊತೆಯಾಗಿದ್ದಾರೆ. ವಿಡಿಯೋದಲ್ಲಿ ಒಂದು ದೊಡ್ಡ ಗುಂಪು ಪಿನಾಯ್ ಹೆಂಗಸರು, ಹುಡುಗಿಯರು ಕ್ಯಾಮೆರಾ ಕಡೆ ನೋಡ್ತಾ ನಿಂತಿದ್ದಾರೆ. ಮುಂದೆ ರೂಬಿ ಹುಡುಗಿಯರ ಓದಿಗಾಗಿ ‘ಪಿನಾಯ್ಸ್ ರೈಸಿಂಗ್’ ಅನ್ನೋ ಸ್ಕಾಲರ್‌ಶಿಪ್ ಶುರು ಮಾಡಿದಳು.

ಇನ್ನು ವಿಮರ್ಶೆ. ಬೇಜಾರಾಗೋರಿದ್ರೆ ಕ್ಷಮಿಸಿ. ಈ ಸೀನಿನಿಂದ ಬಂದ ರ‍್ಯಾಪಿನಲ್ಲಿ ಒಂದು ದೋಷ ಇದೆ, ಅದು ಬೆಂಬಲದಿಂದಲೇ ಹುಟ್ಟಿದ ದೋಷ. ವಸಾಹತುಶಾಹಿ, ವಲಸೆ, ವರ್ಣಭೇದ ಅನ್ನೋ ಪದಗಳು ಬಂದ ಕೂಡ್ಲೆ ಸಭೆ ಚಪ್ಪಾಳೆ ತಟ್ಟುತ್ತೆ ಅಂತ ಹಾಡೋರಿಗೆ ಗೊತ್ತು. ಹಾಗಾಗಿ ಕೆಲವು ಹಾಡುಗಳು ಭಾಷಣ ಆಗ್ತವೆ. ‘ಬಯಾನಿ’ಯಲ್ಲಿ ಸಾಬ್ಜಿಯ ಬೀಟುಗಳು ತೇಲ್ತಾ ಇರ್ತವೆ. ಜಿಯೋ ಅವುಗಳ ಮೇಲೆ ಒಮ್ಮೊಮ್ಮೆ ಒಳ್ಳೆ ಮೇಷ್ಟರ ಥರ ಪಾಠ ಮಾಡ್ತಾನೆ. ಪಾಠ ಸರಿ ಇದೆ, ಆದರೆ ಎರಡನೇ ಸಲ ಕೇಳಬೇಕು ಅನ್ಸಲ್ಲ. ‘ಸರ್ಕಾ91’ನಲ್ಲಿ ನನಗೆ ಹಿಡಿಸಿದ್ದು ಘೋಷಣೆಯ ಜಾಗಗಳಲ್ಲ. ಇಂಗ್ಲಿಷಿನಿಂದ ಟಗಾಲೋಗ್‌ಗೆ, ಅಲ್ಲಿಂದ ತನ್ನ ಸೀಮೆಯ ವರಾಯ್ ಭಾಷೆಗೆ ರೂಬಿ ಉಸಿರು ಕಟ್ಟದೇ ಜಿಗಿಯೋ ಜಾಗಗಳು. ಅಲ್ಲಿ ಅರ್ಥ ನನಗೆ ಆಗಲ್ಲ, ಆದರೂ ಒಬ್ಬಳು ತನ್ನ ಮನೆಯೊಳಗೆ ಓಡಾಡ್ತಿದ್ದಾಳೆ ಅಂತ ಕಿವಿಗೆ ಗೊತ್ತಾಗುತ್ತೆ. ಮೊಬೈಲ್ ಕ್ರೂಗಳಿಗಿದ್ದ ಎದುರಾಳಿಯ ಕಿವಿ ಈ ತಲೆಮಾರಿಗೆ ಅಷ್ಟಾಗಿ ಸಿಕ್ಕಿಲ್ಲ ಅಂತ ನನ್ನ ಅನುಮಾನ. ‘ನಮ್ಮ ಕಥೆ ಹೇಳಿದ್ದೀಯಲ್ಲ, ಸಾಕು’ ಅನ್ನೋದು ಪ್ರೀತಿಯ ಮಾತೇ. ಆದರೆ ಎರಡನೇ ಚರಣ ಸಡಿಲ ಆಗಿದೆ ಅಂತ ಆಗ ಯಾರೂ ಹೇಳಲ್ಲ. ‘ಬಾಕುನಾವಾ’ ಈ ದೋಷದಿಂದ ಬಹಳ ಮಟ್ಟಿಗೆ ಪಾರಾಗಿದೆ. ಅಲ್ಲಿ ವಾದ ಇಲ್ಲ, ಒಂದು ಪುರಾಣ ಇದೆ. ಹಲವು ದನಿಗಳಿವೆ, ಒಂದನ್ನ ಇನ್ನೊಂದು ಮೀರಿಸೋಕೆ ನೋಡ್ತಿವೆ.

ಇನ್ನೊಂದು ವಿಷಯ ದುಡ್ಡಿನದ್ದು. ರೂಬಿ ಜೀವರಸಾಯನ ಓದಿ ವಿಜ್ಞಾನಿಯಾಗಿ ಕೆಲಸ ಮಾಡಿದವಳು. ಹಾನ್ ಹಾನ್ ನರ್ಸ್. ಸಿಯಾಟಲ್‌ನ ಜಿಯೋ ಹೆಂಡತಿ ಚೆರಾ ಆಮ್ಲಾಗ್ ಜೊತೆ ಹುಡ್ ಫೇಮಸ್ ಅನ್ನೋ ಬೇಕರಿ ಕಟ್ಟಿದ. ಊಬೆ ಅನ್ನೋ ನೇರಳೆ ಗೆಣಸಿನ ಚೀಸ್‌ಕೇಕಿಗೆ ಅದು ಹೆಸರುವಾಸಿ. ಕೆಲಸ ಬಿಟ್ಟು ಕಲೆಗೆ ಧುಮುಕಿದರೆ ಮಾತ್ರ ನಿಜವಾದ ಕಲಾವಿದ ಅನ್ನೋ ಸಿನಿಮಾ ಕಥೆಯನ್ನ ನಾವೂ ನಂಬಿದ್ದೀವಿ. ಈ ಸೀನು ನಿಂತಿರೋದು ಹಗಲು ಸಂಬಳ ತಗೊಂಡು ರಾತ್ರಿ ಬರೆಯೋರ ಮೇಲೆ.

ಫಿಲಿಪಿನೋಗಳು ಇದಕ್ಕೆಲ್ಲ ‘ಬಯನಿಹಾನ್’ ಅನ್ನೋ ಪದ ಹೇಳ್ತಾರೆ. ಅದರ ಚಿತ್ರವನ್ನ ನೀವು ಎಲ್ಲಾದ್ರೂ ನೋಡಿರಬಹುದು. ಊರಿನ ಗಂಡಸರೆಲ್ಲ ಸೇರಿ ಒಂದು ಗರಿಯ ಮನೆಯನ್ನ ಇಡಿಯಾಗಿ ಬಿದಿರಿನ ಗಳುಗಳ ಮೇಲೆ ಹೊತ್ತು ಬೇರೆ ಜಾಗಕ್ಕೆ ಸಾಗಿಸ್ತಿರೋ ಚಿತ್ರ. ನೋಡೋಕೆ ಬಲು ಚಂದ. ಆದರೆ ಆ ಪದ ಕೇಳಿದಾಗೆಲ್ಲ ನನಗೆ ನಮ್ಮೂರಿನ ‘ಮುಯ್ಯಾಳು’ ನೆನಪಾಗುತ್ತೆ. ನಾಟಿ ಕಾಲಕ್ಕೆ ಇವತ್ತು ನಮ್ಮವರು ನಿಮ್ಮ ಗದ್ದೆಗೆ, ನಾಳೆ ನಿಮ್ಮವರು ನಮ್ಮ ಗದ್ದೆಗೆ. ಕೂಲಿ ಇಲ್ಲ, ಆದರೆ ಲೆಕ್ಕ ಉಂಟು. ನಮ್ಮವ್ವ ಯಾರ ಮನೆಯದ್ದು ಎಷ್ಟು ಆಳು ಬಾಕಿ ಅಂತ ಬೆರಳ ತುದಿಯಲ್ಲಿ ಹೇಳ್ತಿದ್ದಳು. ಮದುವೆಯಲ್ಲೂ ಅಷ್ಟೇ, ಮುಯ್ಯಿ ಬರೆಯೋಕೆ ಒಬ್ಬರು ನೋಟ್‌ಬುಕ್ ಹಿಡಿದು ಕೂತೇ ಇರ್ತಾರೆ. ಪೇಟೆಯವರಿಗೆ ಇದು ಕಂಜೂಸುತನ ಅನ್ನಿಸಬಹುದು. ನನ್ನ ಪ್ರಕಾರ ಅದು ಮರ್ಯಾದೆ. ಲೆಕ್ಕ ಇಡದ ಕಡೆ ಯಾವಾಗಲೂ ಒಬ್ಬನೇ ದುಡೀತಾನೆ. ‘ಸಮುದಾಯಕ್ಕಾಗಿ ಒಂದು ಹಾಡು ಹಾಡಿಬಿಡಪ್ಪ’ ಅಂತ ಪುಕ್ಕಟೆ ಕರೆಯೋದು, ಊಟದ ಹೊತ್ತಿಗೆ ಹಾಡಿಸೋದು, ಪ್ರಚಾರ ಸಿಗುತ್ತಲ್ಲ ಅನ್ನೋದು, ಇವೆಲ್ಲ ಲೆಕ್ಕ ಮರೆತ ಬಯನಿಹಾನ್. ಡೇಲಿ ಸಿಟಿಯ ಟೀಟಾಗಳು ಹುಡುಗರಿಗೆ ದುಡ್ಡು ಕೊಟ್ಟಿದ್ದನ್ನ ನಾನು ಮತ್ತೆ ಮತ್ತೆ ಹೇಳ್ತಿರೋದು ಅದಕ್ಕೇ.

ಆನ್‌ಸೈಟ್ ಇದ್ದಾಗ ಅಲ್ಲಿನ ಒಂದು ಕನ್ನಡ ಕಾರ್ಯಕ್ರಮಕ್ಕೆ ಹೋಗಿದ್ದೆ. ಬೆಂಗಳೂರಿನಿಂದ ಕರೆಸಿದ ಗಾಯಕರಿಗೆ ಎರಡು ಗಂಟೆ, ಒಳ್ಳೆ ಸಂಭಾವನೆ. ಅಲ್ಲೇ ಹುಟ್ಟಿ ಬೆಳೆದ ಮೂರು ಹುಡುಗರು ತಾವೇ ಕಟ್ಟಿದ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಹಾಡು ತಂದಿದ್ದರು. ಅವರಿಗೆ ಐದು ನಿಮಿಷ, ಅದೂ ಜನ ಊಟದ ಸಾಲಿನಲ್ಲಿ ನಿಂತಿದ್ದಾಗ. ನಾನೂ ಆ ಸಾಲಿನಲ್ಲೇ ಇದ್ದೆ, ತಟ್ಟೆ ಹಿಡಿದು, ಬಿಸಿಬೇಳೆಬಾತ್ ಖಾಲಿ ಆಗುತ್ತೇನೋ ಅನ್ನೋ ಆತಂಕದಲ್ಲಿ. ಹಾಡು ಏನಿತ್ತು ಅಂತ ನೆನಪಿಲ್ಲ. ಊರು ಬಿಟ್ಟು ಬಂದೋರಿಗೆ ಊರಿನ ದನಿ ಬೇಕು, ಒಪ್ತೀನಿ. ಆದರೆ ಆ ಊರಲ್ಲೇ ಹುಟ್ಟೋ ಕನ್ನಡದ ದನಿ ಹೇಗಿರುತ್ತೆ ಅಂತ ಕೇಳೋಕೆ ಇದ್ದ ಐದು ನಿಮಿಷವನ್ನ ನಾನು ಊಟಕ್ಕೆ ಕೊಟ್ಟೆ.

ಬಾಕುನಾವಾ ಅಂದ್ರೆ ಫಿಲಿಪೀನ್ಸಿನ ಪುರಾಣದಲ್ಲಿ ಚಂದ್ರನನ್ನ ನುಂಗೋ ದೊಡ್ಡ ಸರ್ಪ, ನಮ್ಮ ರಾಹುವಿನ ನೆಂಟ ಅನ್ನಿ. ಗ್ರಹಣ ಹಿಡಿದರೆ ನಮ್ಮಲ್ಲಿ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿ ನೋಡ್ತಾ ಕೂತಿರ್ತಿದ್ರು. ಅಲ್ಲಿ ಜನ ಬೀದಿಗೆ ಬಂದು ಪಾತ್ರೆ ಪಡಗ ಬಡೀತಿದ್ರಂತೆ. ಗಲಾಟೆಗೆ ಹೆದರಿ ಸರ್ಪ ಚಂದ್ರನನ್ನ ಉಗುಳಲಿ ಅಂತ. ಪಾತ್ರೆ ಬಡಿಯೋಕೆ ತಾಳಜ್ಞಾನ ಬೇಡ. ಆದರೆ ಮನೆಯಿಂದ ಹೊರಗೆ ಬರಬೇಕು.

ಹೋದ ಶನಿವಾರ ನಮ್ಮ ಟೀಮಿನ ಹುಡುಗನ ಶೋ ಇತ್ತು. ಈ ಸಲ ಎರಡು ಟಿಕೆಟ್ ತಗೊಂಡು ಹೆಂಡತಿಯನ್ನೂ ಕರ್ಕೊಂಡು ಹೋದೆ. ಮುವ್ವತ್ತು ಜನ ಇದ್ದರೇನೋ. ಆರು ಹಾಡು ಹಾಡಿದ. ಎರಡು ನಿಜವಾಗಲೂ ಚೆನ್ನಾಗಿದ್ದವು. ಮೂರನೆಯದರಲ್ಲಿ ಅವನು ತನ್ನ ಊರಿನ ಮಾತು ಬಿಟ್ಟು ಬೇರೆ ಯಾರದ್ದೋ ಗತ್ತು ತಂದಿದ್ದ. ಮನೆಗೆ ಬಂದು ಅವನಿಗೆ ಇದನ್ನೇ ಬರೆದು ಕಳಿಸಿದೆ. ಯಾವ ಸಾಲಿನಲ್ಲಿ, ಯಾಕೆ ಹಾಗನ್ನಿಸ್ತು ಅಂತಾನೂ ಬರೆದೆ. ಕಳಿಸಿದ ಮೇಲೆ ಸ್ವಲ್ಪ ಭಯ ಆಯ್ತು. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಸೋಮವಾರ ಸ್ಟ್ಯಾಂಡಪ್ ಮೀಟಿಂಗ್ ಮುಗಿದ ಮೇಲೆ ನನ್ನ ಡೆಸ್ಕಿನ ಹತ್ತಿರ ಬಂದು ನಿಂತ. “ಮೂರನೇದು ಓಕೆ, ಒಪ್ಕೋತೀನಿ,” ಅಂದ. “ಐದನೇದ್ರ ಬಗ್ಗೆ ಯಾಕೆ ಏನೂ ಬರ್ದಿಲ್ಲ?”

ಐದನೇದು ಹಾಡ್ತಿದ್ದಾಗ ನಾನು ಫೋನ್ ನೋಡ್ತಿದ್ದೆ. ಮುಂದಿನ ಶೋ ಯಾವತ್ತು ಅಂತ ಕೇಳಿಟ್ಕೊಂಡಿದೀನಿ.